ಮೂರು ಪಾಲಿನ ಒರಳು

ಪಾಲಾದ ದಿನ
ಹಸು ದೊಡ್ಡಪ್ಪನಿಗೆ, ಗಾಡಿ ನಮಗೆ,
ಬಾವಿಯ ಮಗ್ಗುಲಿನ ಹನ್ನೊಂದು ತೆಂಗು ಚಿಕ್ಕಪ್ಪನಿಗೆ.
ಹಂಡೆ, ಕೊಪ್ಪರಿಗೆ, ಮೊರ, ಒನಕೆ
ಎಲ್ಲ ಮುಗಿದು ಜಗಲಿಯ ಮೇಲೆ ಉಳಿದದ್ದು
ಅಜ್ಜಿಯ ಹಿತ್ತಾಳೆ ಚಕ್ಕುಲಿ ಒರಳು,
ಒಂದೇ ಒಂದು.

ಓರಗಿತ್ತಿಯರ ಆರು ಕಣ್ಣೂ ಅದರ ಮೇಲೆ.
ನ್ಯಾಯಕ್ಕೆ ಕೂತ ಜವರೇಗೌಡರು
ಎಲೆಯಡಿಕೆ ಉಗಿದು ಬಂದು
ತಮಾಷೆಗೆ ಅಂದರು:
“ಬಿಚ್ಚಿದ್ರೆ ಮೂರು ತುಂಡೇ ಅಲ್ವೇನ್ರವ್ವ?”

ತಮಾಷೆ ಯಾರಿಗೂ ತಿಳಿಯಲಿಲ್ಲ.
ದೊಡ್ಡವ್ವ ಪುಟ್ಟಹೊನ್ನಮ್ಮ ಒರಳನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.
ನಮ್ಮವ್ವ ಒತ್ತುವ ಹಿಡಿಯನ್ನು.
ಮದುವೆಯಾಗಿ ಒಂಬತ್ತೇ ತಿಂಗಳಾಗಿದ್ದ ಚಿಕ್ಕವ್ವ ಜಯಶೀಲ
ಉಳಿದ ಬಿಲ್ಲೆಯನ್ನು ಸೆರಗಿನ ತುದಿಗೆ ಗಂಟು ಹಾಕಿ
ತನ್ನ ಹೊಸ ಒಲೆಯ ಕಡೆ ನಡೆದಳು.
ಹಿತ್ತಲಿಗೆ ಎರಡು ಗೋಡೆ ಎದ್ದವು.

ಆಗ ನನಗೆ ಎಂಟು ವರ್ಷ, ಕೆಲಸ ರಾಯಭಾರ.
“ಬಿಲ್ಲೆ ಇದ್ಯಾ ಕೇಳ್ಕೊಂಡು ಬಾ,
ನಾನು ಕೇಳ್ದೆ ಅಂತ ಹೇಳ್ಬ್ಯಾಡ.”
ಗೋಡೆಯಾಚೆಗೆ ಓಡಿದರೆ ಉತ್ತರ:
“ಕೊಡ್ತೀನಿ,
ನಾನು ಕೊಟ್ಟೆ ಅಂತ ಹೇಳ್ಬ್ಯಾಡ.”
ಆದರೆ ಬಿಲ್ಲೆ ಎಂದೂ ಒಂಟಿಯಾಗಿ ಬರಲಿಲ್ಲ.
ಅದರ ಹಿಂದೆ ಒಡತಿಯೂ,
ಕಳೆದುಹೋದೀತು ಎಂಬ ನೆಪವೂ.
ಒರಳಿನ ಹಿಂದೆ ದೊಡ್ಡವ್ವ, ಅವಳ ಮಂಡಿನೋವು,
ಕೂರಲು ಅವಳದೇ ಮಣೆ.

ಚನ್ನರಾಯಪಟ್ಟಣದ ಗಿರಣಿಯಿಂದ ಹಿಟ್ಟು ಬಂದಿರುತ್ತಿತ್ತು
ಇನ್ನೂ ಬೆಚ್ಚಗೆ, ರಹಮತ್ ಸಾಬರ ಎಚ್ಚರಿಕೆಯ ಸಮೇತ:
“ನಿನ್ನೆ ಮೆಣಸಿನಕಾಯಿ ಬೀಸಿದ್ದೆ,
ಒಂಚೂರು ಖಾರ ಹತ್ತಿದ್ರೆ ನನ್ನ ಬೈಬೇಡಿ.”
ಬೈಯಲು ಅವರಿಗೆ ಸಾಬರು ಯಾಕೆ ಬೇಕು?
ಓಮವೋ ಎಳ್ಳೋ ಎಂದು ಒಂದು ಗಳಿಗೆ,
ಬೆಣ್ಣೆ ನಿಂಬೆಗಾತ್ರವೋ ನೆಲ್ಲಿಗಾತ್ರವೋ ಎಂದು ಇನ್ನೊಂದು.
ಸತ್ತ ಅಜ್ಜಿಯನ್ನು ಮೂವರೂ ಸಾಕ್ಷಿಗೆ ಕರೆದರು.
ಅಜ್ಜಿ ಮೂವರ ಪರವಾಗಿಯೂ ಹೇಳಿದಳು.

ಒಲೆಗೆ ತೆಂಗಿನ ಮಟ್ಟೆ, ಒಂದೆರಡು ಕರಟ.
ಒಬ್ಬಳು ನಾದಿ, ಒಬ್ಬಳು ಒತ್ತಿ, ಒಬ್ಬಳು ತಿರುವಿ ಹಾಕಿ,
ಹಿತ್ತಾಳೆ ಕಿರ್ರೆಂದು ನರಳಿ
ಮುಳ್ಳುಮುಳ್ಳಾಗಿ ಇಳಿಯಿತು ಸುರುಳಿ.
ಮೊದಲನೆಯದು ಯಾವಾಗಲೂ ಮುರಿಯುತ್ತಿತ್ತು.
ಮುರಿದದ್ದು ರಾಯಭಾರಿಗೆ.
ನಾಲಿಗೆ ಸುಟ್ಟುಕೊಂಡು ನಾನು ಕುಣಿದರೆ
ಮೂವರೂ ಒಟ್ಟಿಗೆ ನಕ್ಕುಬಿಡುತ್ತಿದ್ದರು,
ಆಮೇಲೆ ನೆನಪಾಗಿ
ಮುಖ ಬಿಗಿದುಕೊಳ್ಳುತ್ತಿದ್ದರು.

ಡಬ್ಬ ತುಂಬುವ ಮೊದಲೇ ಪಾಲು:
ಒಂದು ಪೊಟ್ಟಣ ಸಾಬರಿಗೆ, ಖಾರ ಹತ್ತಿಲ್ಲ ಎಂಬ ಸುದ್ದಿಯ ಜೊತೆ.
ಒಂದು ನಾಲ್ಕೂವರೆಯ ನುಗ್ಗೇಹಳ್ಳಿ ಬಸ್ಸಿಗೆ.
ಡ್ರೈವರ್ ಮಾದಪ್ಪ ನಮ್ಮ ಬೇಲಿಯ ಹತ್ತಿರ
ಇಲ್ಲದ ಗುಂಡಿಗೆ ಬ್ರೇಕು ಹಾಕುತ್ತಿದ್ದ.
ಜವರೇಗೌಡರಿಗೂ ಒಂದು,
ಹಲ್ಲಿಲ್ಲದ್ದರಿಂದ ಪುಡಿ ಮಾಡಿ, ಮಜ್ಜಿಗೆಯ ಜೊತೆ.

ಹೋದ ವರ್ಷ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ
ನಾನೇ ಹೊಸದೊಂದು ಕೊಂಡು ತಂದೆ.
ಸ್ಟೀಲಿನದು, ತಿರುಗಿಸುವ ಹಿಡಿ, ಹನ್ನೆರಡು ಬಿಲ್ಲೆ.
ಮೂವರೂ ಬಂದು ಹೆಣ್ಣು ನೋಡುವ ಹಾಗೆ ನೋಡಿದರು.
“ತೂಕವೇ ಇಲ್ಲ” ಅಂದಳು ದೊಡ್ಡವ್ವ.
“ಸದ್ದೂ ಇಲ್ಲ” ಅಂದಳು ಅವ್ವ.
ಚಿಕ್ಕವ್ವ ಹಿಡಿಯನ್ನು ಎರಡು ಸುತ್ತು ತಿರುಗಿಸಿ,
ಯಾವುದೋ ಕಾಯಿಲೆಯ ಹೆಸರು ಹೇಳುವಂತೆ
ದನಿ ತಗ್ಗಿಸಿ ಅಂದಳು:
“ಇದ್ರಲ್ಲಿ ಒಬ್ಳೇ ಒತ್ತಬೋದಲ್ಲೋ.”

ಈಗ ಅದು ಅಟ್ಟದ ಮೇಲಿದೆ,
ಬಟ್ಟೆ ಕ್ಲಿಪ್ಪು ತುಂಬಿಕೊಂಡು.

ಇವತ್ತು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದೆ.
ಬಿದ್ದುಹೋದ ಗೋಡೆಯ ಸಂದಿನಲ್ಲಿ ನುಸುಳಿ
ದೊಡ್ಡವ್ವನ ಮೊಮ್ಮಗಳು ಬಂದಳು,
ಒಂದು ಕಾಲಿಗೆ ಮಾತ್ರ ಚಪ್ಪಲಿ.
ಏದುಸಿರು ಬಿಡುತ್ತಾ, ಕಲಿತದ್ದನ್ನು ತಪ್ಪದೆ ಒಪ್ಪಿಸಿದಳು:
“ನಮ್ಮಜ್ಜಿ ಏನೂ ಕೇಳ್ಲಿಲ್ಲ.
ಹಿಡಿ ಇದ್ಯಾ?”

ಒಳಗೆ ಅವ್ವ
ಆಗಲೇ ಕೈ ಒರೆಸಿಕೊಳ್ಳುತ್ತಿದ್ದಳು.